ಹಿಟ್ಟಿನ ಗಿರಣಿಯ ವೈರ್‌ಲೆಸ್

ತಾನಾಗಿಯೇ ಬಿಟ್ಟನಂತೆ! ಮೊನ್ನೆ ತೀರಿಕೊಂಡ ಗಿರಣಿಯವನ ಶಿವಗಣಾರಾಧನೆಯ ದಿನ, ಊಟಕ್ಕೆ ಮುಂಚೆ ನಾಲ್ಕು ಮಾತಾಡಲು ಎದ್ದ ಪುಣ್ಯಾತ್ಮನೊಬ್ಬ ಮೈಕು ಹಿಡಿದು ಹೇಳಿದ. “ಕಾಲಕ್ಕೆ ಮುಂಚೆಯೇ ವೈರ್‌ಲೆಸ್ ಕಲಿತವರು, ಕೊನೆಗೆ ಸಂಸಾರಕ್ಕೋಸ್ಕರ ಆ ಹವ್ಯಾಸವನ್ನು ತಾವಾಗಿಯೇ ತ್ಯಾಗ ಮಾಡಿದರು” ಎಂದ. ಪೆಂಡಾಲಿನಲ್ಲಿ ಕೂತವರೆಲ್ಲ ತಲೆ ಆಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲೆ ಬಿಟ್ಟು ಎದ್ದು ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಂದು ಟೀ ಕುಡಿದೆ, ಅದೂ ತಣ್ಣಗಿತ್ತು, ಆ ಹೋಟೆಲಿನವನಿಗೂ ಬೈದೆ.

ತ್ಯಾಗವಂತೆ, ಹವ್ಯಾಸವಂತೆ. ಆ ಯಂತ್ರ ಅವನ ಕೈಯಿಂದ ಹೋದದ್ದು ಹೇಗೆ ಎಂದು ಸರಿಯಾಗಿ ಬಲ್ಲವನು ಈಗ ಬದುಕಿರುವವರಲ್ಲಿ ನಾನೊಬ್ಬನೇ. ನಾನು ಬಾಯಿ ಬಿಡದೆ ಸತ್ತರೆ ಆ ಮೈಕಿನವನ ಮಾತೇ ಸತ್ಯವಾಗಿ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಎಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿ ಊರಿನ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಗುಮಾಸ್ತನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಅವನ ಹೆಸರನ್ನೂ ಹೇಳುವುದಿಲ್ಲ. ಆ ಕಾಲದವರಿಗೆ ಹೇಳಬೇಕಾಗಿಲ್ಲ, ಈ ಕಾಲದವರಿಗೆ ಹೇಳಿ ಪ್ರಯೋಜನವಿಲ್ಲ. ಕೌಂಟರಿನ ಹಿಂದೆ ನಾನು, ನನ್ನ ಮುಂದೆ ಹಿತ್ತಾಳೆಯ ಒಂದು ಕೀಲಿ. ಅದನ್ನು ಕಟ್ಟುಕಡ ಎಂದು ಕುಟ್ಟಿದರೆ ಮಾತು ಲೈನಿನ ಮೇಲೆ ಹೊರಟು ಹೋಗುತ್ತಿತ್ತು. ಹೆರಿಗೆ, ಸಾವು, ವರ್ಗಾವಣೆ, ‘ಕೂಡಲೇ ಹೊರಟು ಬಾ’ ಎಲ್ಲವೂ ನನ್ನ ಬೆರಳಿನ ಮೂಲಕವೇ ಹೋಗಬೇಕು. ಊರಿನವರು ನನಗೆ ಸಲ್ಲದ ಮರ್ಯಾದೆ ಕೊಡುತ್ತಿದ್ದರು.

ಅಂಚೆ ಕಚೇರಿಯ ಜಗಲಿಯ ಮೇಲೆ ಒಂದು ಕಲ್ಲುಬೆಂಚು. ಒಂದು ವರ್ಷ ಬೇಸಿಗೆಯಲ್ಲಿ ನೋಡುತ್ತೇನೆ, ದಿನಾ ಮಧ್ಯಾಹ್ನ ಹಿಟ್ಟಿನ ಗಿರಣಿಯವನು ಬಂದು ಅಲ್ಲಿ ಕೂರುತ್ತಾನೆ. ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಜೋಳದ ಹಿಟ್ಟು. ಟಪಾಲು ಕೇಳುವುದಿಲ್ಲ, ಕಾರ್ಡು ಕೊಳ್ಳುವುದಿಲ್ಲ, ಸುಮ್ಮನೆ ಕಣ್ಣು ಮುಚ್ಚಿ ಕೂತಿರುತ್ತಾನೆ. ಬಿಸಿಲಿಗೆ ನೆರಳು ಹುಡುಕಿ ಬಂದಿದ್ದಾನೆ ಎಂದುಕೊಂಡೆ. ಎರಡು ತಿಂಗಳಾದ ಮೇಲೆ ಒಂದು ದಿನ ಕಿಟಕಿಗೆ ಬಂದು, “ಮೇಷ್ಟ್ರೆ, ಸಂತೆಬೀದಿ ಶೆಟ್ರ ಭಾವ ತೀರ್ಕಂಡ್ರಾ?” ಎಂದ.

ನಾನು ಬೆಚ್ಚಿಬಿದ್ದೆ. ಆ ಸುದ್ದಿ ಆಗಷ್ಟೇ ಲೈನಿನಲ್ಲಿ ಬಂದಿತ್ತು. ಫಾರಂ ಮೇಲೆ ಬರೆದ ಶಾಯಿ ಇನ್ನೂ ಒಣಗಿರಲಿಲ್ಲ.

“ಯಾರಯ್ಯ ನಿನಗೆ ಹೇಳಿದ್ದು?”

“ಅದೇ ಹೇಳ್ತಲ್ರೀ,” ಎಂದು ನನ್ನ ಯಂತ್ರ ತೋರಿಸಿದ. “ಮೊದಮೊದ್ಲು ಬರೀ ಸದ್ದು ಅನಸ್ತಿತ್ತು. ಈಗ ಅಕ್ಷರ ಕೇಳತೈತೆ.”

ಕೇಳಿಸಿಕೊಂಡು ಕಲಿತಿದ್ದ! ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಇಂಗ್ಲಿಷಿನ ಅಕ್ಷರಮಾಲೆಯೇ ಅರ್ಧ ಮರೆತಿದ್ದವನು, ಜಗಲಿಯ ಮೇಲೆ ಕೂತು ನನ್ನ ಕೈಯ ಸದ್ದನ್ನೇ ಪಾಠ ಮಾಡಿಕೊಂಡಿದ್ದ. ಇನ್ನೊಬ್ಬರ ಟೆಲಿಗ್ರಾಂ ಕೇಳಿಸಿಕೊಳ್ಳುವುದು ಅಪರಾಧ ಎಂದು ಗದರಿಸಿದೆ. “ಹೌದ್ರಾ?” ಎಂದು ಗಾಬರಿಯಾಗಿ ಮಾರನೆಯ ದಿನದಿಂದ ಬರುವುದನ್ನೇ ಬಿಟ್ಟ. ಒಂದು ವಾರ ನೋಡಿದೆ, ನನಗೇ ತಡೆಯಲಾಗಲಿಲ್ಲ. ಗಿರಣಿಗೆ ಹೋಗಿ, ಸಂಜೆ ಮನೆಗೆ ಬಾ, ಉಳಿದ ಅಕ್ಷರ ನಾನೇ ಕಲಿಸುತ್ತೇನೆ ಎಂದೆ. ಅಂದಿನಿಂದ ನಾನು ಅವನಿಗೆ ಬಾಯಿಮಾತಿಗಲ್ಲ, ನಿಜಕ್ಕೂ ಮೇಷ್ಟ್ರು. ಎಂಥ ಮೇಷ್ಟ್ರು ಎನ್ನುವುದು ಆಮೇಲೆ ಗೊತ್ತಾಯಿತು.

ಖಾಸಗಿ ಜನರೂ ಸರ್ಕಾರದ ಪರೀಕ್ಷೆ ಪಾಸು ಮಾಡಿ ಸ್ವಂತ ವೈರ್‌ಲೆಸ್ ಇಟ್ಟುಕೊಳ್ಳಬಹುದು, ಅವರಿಗೆ ಹ್ಯಾಮ್ ಎನ್ನುತ್ತಾರೆ ಎಂದು ಅವನಿಗೆ ಯಾವುದೋ ಹಳೆಯ ಪತ್ರಿಕೆಯಿಂದ ತಿಳಿಯಿತು. ಆ ಪತ್ರಿಕೆಯ ಕಾಗದ ಹಿಟ್ಟು ಕಟ್ಟಲು ಬಂದದ್ದು. ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ಕೂತ, ಫೇಲಾದ. ಮತ್ತೆ ಹೋದ, ಮತ್ತೆ ಫೇಲು. ಮೋರ್ಸ್ ಎನ್ನುವ ಆ ಕಟ್ಟುಕಡ ಸಂಕೇತದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ ಬರೆಯುವ ಕಾಯಿದೆಯ ಪತ್ರಿಕೆಯಲ್ಲಿ. ಮೂರನೆಯ ಸಲಕ್ಕೆ ಆ ಕಾಯಿದೆ ಪುಸ್ತಕವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡು ಹೋಗಿ ಪಾಸಾಗಿ ಬಂದ. ಅವನ ಅನಾಹುತಕ್ಕೆಲ್ಲ ಆ ಬಾಯಿಪಾಠವೇ ಮೂಲ. ನಾವೆಲ್ಲ ಪಾಸಾದ ಮೇಲೆ ಮರೆಯುತ್ತೇವೆ, ಅವನು ಮರೆಯಲಿಲ್ಲ.

ಗಿರಣಿಯ ಹಿಂದಿನ ಕೋಣೆಯಲ್ಲಿ ಯಂತ್ರ ಕಟ್ಟಿದ. ಗುಜರಿಯಿಂದ ತಂದ ಮಿಲಿಟರಿ ರಿಸೀವರ್, ಹಳೆಯ ರೇಡಿಯೋಗಳ ವಾಲ್ವು, ಎಣ್ಣೆ ಡಬ್ಬಿಯ ತಗಡು, ಲಾರಿಯ ಬ್ಯಾಟರಿ. ಗಿರಣಿಯ ಹೊಗೆಕೊಳವೆಯಿಂದ ಹುಣಸೆಮರಕ್ಕೆ ತಾಮ್ರದ ತಂತಿ ಎಳೆದು ಕಟ್ಟಿದ. ಮಧ್ಯಾಹ್ನ ಎಂಜಿನ್ ತಣ್ಣಗಾಗುವ ಒಂದು ಗಂಟೆ ಅವನ ವೈರ್‌ಲೆಸ್ಸಿನ ಹೊತ್ತು. ಬೆಂಗಳೂರಿನಲ್ಲಿ ಇವನಂಥ ಹ್ಯಾಮ್ ಮುದುಕರೊಬ್ಬರಿದ್ದರು. ಮುಖ ನೋಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ. ಇಬ್ಬರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದರು. “ನಿನ್ನೆ ಅವರ ಕೈ ನಡುಗ್ತಿತ್ತು, ಜ್ವರ ಇರ್ಬೇಕು,” ಎನ್ನುತ್ತಿದ್ದ. ಮಾರನೆಯ ದಿನ ವಿಚಾರಿಸಿದರೆ ಜ್ವರ ಇದ್ದದ್ದು ನಿಜವೇ.

ಗಿರಣಿಯ ಗೋಡೆಗೆ ಎರಡು ಗಡಿಯಾರ ನೇತುಹಾಕಿದ್ದ. ಒಂದು ನಮ್ಮ ಹೊತ್ತು, ಇನ್ನೊಂದು ಲಂಡನ್ನಿನ ಹೊತ್ತು. ಹ್ಯಾಮ್‌ಗಳು ಪುಸ್ತಕದಲ್ಲಿ ಬರೆಯುವುದು ಲಂಡನ್ ಹೊತ್ತಿನಲ್ಲಂತೆ. ರಾಗಿ ಪುಟ್ಟಿ ಹೊತ್ತು ಸಾಲಿನಲ್ಲಿ ನಿಂತ ಹೆಂಗಸರು ಅದನ್ನು ನೋಡಿ ಗೊಂದಲಗೊಳ್ಳುತ್ತಿದ್ದರು.

“ಏನಪ್ಪ, ಒಂದ್ರಾಗೆ ಹನ್ನೊಂದು, ಇನ್ನೊಂದ್ರಾಗೆ ಐದೂವರೆ. ಯಾವ್ದು ಖರೇ?”

“ಎರಡೂ ಖರೇನೇ ಅಮ್ಮ. ಅದು ಲಂಡನ್ನಿಂದು.”

“ಅಲ್ಯಾರು ನಿನ್ ತಾವ ಹಿಟ್ ಮಾಡಿಸ್ತಾರೋ ಮಾರಾಯ!” ಎಂದು ನಗುತ್ತಿದ್ದರು. ಅವನಿಗೆ ಬೇಸರವಿಲ್ಲ. ಅವರ ಜೊತೆ ತಾನೂ ನಗುತ್ತಿದ್ದ.

ಅವನಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾರು ಏನೇ ಹೇಳಲಿ, ಅದನ್ನು ತಿರುಗಿ ಒಪ್ಪಿಸಿ, ಕೊನೆಗೆ “ಸಿಕ್ತು” ಎನ್ನುತ್ತಿದ್ದ. ವೈರ್‌ಲೆಸ್ಸಿನಲ್ಲಿ ಬಂದ ಮಾತನ್ನು ಹಾಗೆ ಖಾತ್ರಿ ಮಾಡಬೇಕು. ಇವನು ಹೆಂಡತಿಗೂ ಹಾಗೇ ಮಾಡುತ್ತಿದ್ದ. “ಬರ್ತಾ ಕರಿಬೇವು ತನ್ರಿ” ಎಂದರೆ, “ಬರ್ತಾ ಕರಿಬೇವು. ಸಿಕ್ತು.” ಆ ತಾಯಿ ಹಣೆ ಚಚ್ಚಿಕೊಂಡು, “ಸಿಕ್ತು ಅಂತೀರಲ್ಲ, ಕರಿಬೇವು ಎಲ್ಲಿ ಸಿಕ್ತು?” ಎನ್ನುತ್ತಿದ್ದಳು. ಬರುವಾಗ ಮರೆತೇ ಬಂದಿರುತ್ತಿದ್ದ.

ಆದರೆ ಒಂದು ವಿಷಯದಲ್ಲಿ ಅವನು ಕಲ್ಲು. ಹ್ಯಾಮ್ ಆದವನು ತನ್ನ ಮಾತು ಮಾತ್ರ ಆಡಬೇಕು, ಮೂರನೆಯವರ ಸಂದೇಶ ಕಳಿಸುವಂತಿಲ್ಲ ಎಂದು ಆ ಕಾಯಿದೆ ಪುಸ್ತಕದಲ್ಲಿತ್ತು. ಊರಿನ ಶೇಂಗಾ ವ್ಯಾಪಾರಿಯೊಬ್ಬ ದಾವಣಗೆರೆ ಧಾರಣೆ ತರಿಸಿಕೊಡು ಎಂದು ಬಾಳೆಗೊನೆ ಹೊತ್ತು ಬಂದ. ಇವನು ಗೊನೆಯನ್ನೂ ಒಳಗೆ ಬಿಡಲಿಲ್ಲ. ವ್ಯಾಪಾರಿಗೆ ಹಾಗೆ ಮಾಡಿದ್ದು ಸರಿ ಎನ್ನೋಣ. ನನಗೂ ಹಾಗೇ ಮಾಡಿದ. ನನ್ನ ಹೆಂಡತಿ ಹೆರಿಗೆಗೆಂದು ಚಿತ್ರದುರ್ಗದ ತವರಿಗೆ ಹೋಗಿದ್ದಳು, ಚೊಚ್ಚಲು, ದಿನ ತುಂಬಿ ವಾರವಾಗಿತ್ತು. ಚಿತ್ರದುರ್ಗದಲ್ಲಿ ಇವನಿಗೆ ಒಬ್ಬ ವೈರ್‌ಲೆಸ್ ಗೆಳೆಯನಿದ್ದ. ಅವನಿಗೆ ಆಸ್ಪತ್ರೆಗೆ ಹೋಗಿ ವಿಚಾರಿಸಲು ಹೇಳೋ ಎಂದೆ.

“ನಿಮ್ ಲೈನ್ ಐತಲ್ರೀ ಮೇಷ್ಟ್ರೆ. ಟೆಲಿಗ್ರಾಂ ಕೊಡ್ರಿ.”

“ನನ್ನ ಮಾವ ಉತ್ತರ ಕೊಡುವುದಕ್ಕೆ ಎರಡು ದಿನ ಮಾಡ್ತಾನೆ ಕಣಯ್ಯ!”

“ಅದು ಲೈನಿನ ತಪ್ಪಲ್ಲ,” ಎಂದ. “ಸರ್ಕಾರದ ಲೈನ್ ಇರಾ ತನ ನಾನು ಇನ್ನೊಬ್ರ ಮಾತು ಕಳ್ಸಂಗಿಲ್ಲ.”

ನನಗೆ ಕೊಂದುಹಾಕುವಷ್ಟು ಸಿಟ್ಟು ಬಂತು. ಮೋರ್ಸ್ ಕಲಿಸಿದವನಿಗೇ ಕಾಯಿದೆ ಹೇಳುತ್ತೀಯಾ ಎಂದು ಕೂಗಾಡಿದೆ. ಅವನು ಅಲುಗಲಿಲ್ಲ. ಮಗಳು ಹುಟ್ಟಿದಳು, ಎಲ್ಲ ಸುಸೂತ್ರವಾಯಿತು, ಆದರೂ ಒಂದು ತಿಂಗಳು ನಾನು ಅವನೊಡನೆ ಮಾತು ಬಿಟ್ಟೆ.

ಅವನ ಲಾಗ್ ಪುಸ್ತಕದ ವಿಷಯವನ್ನೂ ಹೇಳಬೇಕು, ಏಕೆಂದರೆ ಅವನನ್ನು ಮುಳುಗಿಸಿದ್ದು ಅದೇ. ಕೀಲಿ ಮುಟ್ಟಿದ ಪ್ರತಿಸಲವೂ ಹ್ಯಾಮ್ ಆದವನು ಹೊತ್ತು, ಯಾರೊಡನೆ, ಏನು ಮಾತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಹಳ ಜನ ವಾರಕ್ಕೊಮ್ಮೆ ನೆನಪಿದ್ದಷ್ಟು ಗೀಚುತ್ತಿದ್ದರಂತೆ. ಇವನು ಕೀಲಿಯಿಂದ ಕೈ ತೆಗೆದು ನೇರ ಪೆನ್ನಿಗೆ ಹಾಕುತ್ತಿದ್ದ. ಸುಮ್ಮನೆ ಯಂತ್ರ ಪರೀಕ್ಷೆ ಮಾಡಿ ಯಾರೂ ಉತ್ತರಿಸದಿದ್ದರೆ, ‘ಕರೆದೆ, ಯಾರೂ ಬರಲಿಲ್ಲ’ ಎಂದೂ ಬರೆಯುತ್ತಿದ್ದ. ಪುಟದ ಮೇಲೆಲ್ಲ ಹಿಟ್ಟಿನ ಬೆರಳಚ್ಚು. ಇದನ್ನೆಲ್ಲ ಯಾರಯ್ಯ ನೋಡುತ್ತಾರೆ ಎಂದು ಒಮ್ಮೆ ಹಂಗಿಸಿದೆ. “ನೋಡ್ಲಿ ಬಿಡ್ಲಿ ಮೇಷ್ಟ್ರೆ, ಆಗಿದ್ದನ್ನ ಬರ್ದಿಟ್ರೆ ನಿದ್ದೆ ಬರತೈತೆ,” ಎಂದ.

ನಮ್ಮ ಕಚೇರಿಯಲ್ಲೂ ಒಂದು ಪುಸ್ತಕವಿತ್ತು, ಲೈನ್ ರಿಜಿಸ್ಟರ್. ದಿನಾ ಬೆಳಿಗ್ಗೆ ಲೈನು ಪರೀಕ್ಷಿಸಿ ‘ಸರಿಯಾಗಿದೆ’ ಅಥವಾ ‘ಕೆಟ್ಟಿದೆ’ ಎಂದು ಬರೆಯಬೇಕು. ತುರ್ತು ಪರಿಸ್ಥಿತಿ ಬಂದ ಮೇಲೆ ‘ಕೆಟ್ಟಿದೆ’ ಎನ್ನುವ ಪದವೇ ಆ ರಿಜಿಸ್ಟರಿನಿಂದ ಮಾಯವಾಯಿತು. ದೇಶವೆಲ್ಲ ಸರಿಯಾಗಿ ನಡೆಯುತ್ತಿರುವಾಗ ನಿನ್ನ ಲೈನು ಮಾತ್ರ ಯಾಕೆ ಕೆಡುತ್ತದೆ ಎಂದು ಮೇಲಿನವರು ಕೇಳುವ ಕಾಲ ಅದು. ನಮ್ಮ ಪೋಸ್ಟ್‌ಮಾಸ್ಟರು ನಿವೃತ್ತಿಗೆ ಎರಡು ವರ್ಷ ಇದ್ದ ಪುಕ್ಕಲ. ಅವರು ಹೇಳಿದ ಹಾಗೆ ಬರೆಯುತ್ತಿದ್ದವನು ಇನ್ನೊಬ್ಬ ಪುಕ್ಕಲ, ನಾನು.

ಮರುವರ್ಷ ಮುಂಗಾರಿಗೆ ಮುಂಚೆ ಒಂದು ಬಿರುಗಾಳಿ ಎದ್ದಿತು. ಹೊಸದುರ್ಗದ ರಸ್ತೆಯುದ್ದಕ್ಕೂ ಮರಗಳು ಉರುಳಿದವು, ನಮ್ಮ ಲೈನಿನ ಕಂಬಗಳು ಸಾಲಾಗಿ ಮಲಗಿದವು. ಬಸ್ಸು ನಿಂತಿತು. ಮೊದಲ ದಿನ ಪೋಸ್ಟ್‌ಮಾಸ್ಟರು, “ಸರಿಯಾಗಿದೆ ಅಂತ ಹಾಕ್ರಿ, ನಾಳೆ ರಿಪೇರಿ ಆಗೇ ಆಗತ್ತೆ,” ಎಂದರು. ಹಾಕಿದೆ. ಎರಡನೆಯ ದಿನವೂ ಹಾಕಿದೆ. ಕೌಂಟರಿಗೆ ಬಂದ ಟೆಲಿಗ್ರಾಂಗಳನ್ನು ತೆಗೆದುಕೊಂಡು, ಸೀಲು ಒತ್ತಿ, ಟಪಾಲು ಚೀಲಕ್ಕೆ ಹಾಕಿದೆವು. ನಡೆದುಹೋಗುವ ಟಪಾಲು! ಥೂ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಹನ್ನೊಂದು ಗಂಟೆಗೆ ಟಪಾಲಿನವನು ಬಿದ್ದ ಮರಗಳನ್ನು ಹತ್ತಿ ಇಳಿದು ಚೀಲ ತಂದ. ಅದರಲ್ಲಿ ಊರಾಚೆಯ ಕುರುಬರ ಹಟ್ಟಿಯ ಈರಪ್ಪನ ಮಗಳಿಗೆ ಒಂದು ಲಕೋಟೆ. ಪಾರ್ವತಿ ಎಂದು ಹೆಸರು, ಆ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ. ಬೆಂಗಳೂರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿದೆ, ಸೇರುವ ಒಪ್ಪಿಗೆಯನ್ನು ಇಂಥ ತಾರೀಕು ಸಂಜೆ ಐದರೊಳಗೆ ಟೆಲಿಗ್ರಾಂ ಮೂಲಕ ತಿಳಿಸತಕ್ಕದ್ದು, ತಪ್ಪಿದರೆ ಸೀಟು ಮುಂದಿನವರಿಗೆ ಎಂದಿತ್ತು. ಆ ತಾರೀಕು ಅದೇ ದಿನ.

ಅಪ್ಪ ಮಗಳು ಓಡಿಬಂದರು. ಈರಪ್ಪನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಟೆಲಿಗ್ರಾಂ ಫೀಜು. ಹುಡುಗಿ ಫಾರಂ ತುಂಬಿ ಕೊಟ್ಟಳು, ಅಕ್ಷರ ದುಂಡಗಿದ್ದವು. ನಾನು ಎಂದಿನಂತೆ ತೆಗೆದುಕೊಂಡು ಸೀಲು ಒತ್ತಿ ಚೀಲಕ್ಕೆ ಹಾಕಬಹುದಿತ್ತು. ಆದರೆ ಆ ಹುಡುಗಿ ಕೀಲಿಯನ್ನೇ ನೋಡುತ್ತಿದ್ದಳು, ನಾನು ಯಾವಾಗ ಕುಟ್ಟುತ್ತೇನೆ ಎಂದು ಕಾಯುತ್ತಿದ್ದಳು. ಪೋಸ್ಟ್‌ಮಾಸ್ಟರು ಊಟಕ್ಕೆ ಹೋಗಿದ್ದರು. ನಾನು ದನಿ ತಗ್ಗಿಸಿ, “ಲೈನು ಸತ್ತಿದೆ ಈರಪ್ಪ. ಗಿರಣಿಗೆ ಹೋಗು,” ಎಂದೆ.

ಐದು ನಿಮಿಷಕ್ಕೆ ಗಿರಣಿಯವನೇ ಬಂದ. ಹಿಟ್ಟಿನ ಕೈ ಎರಡನ್ನೂ ಕೌಂಟರಿನ ಮೇಲೆ ಊರಿ, “ಮೇಷ್ಟ್ರೆ, ಲೈನ್ ನಿಜವಾಗ್ಲೂ ಸತ್ತೈತಾ?” ಎಂದ.

“ಸತ್ತಿದೆ. ಇವತ್ತಿಗೆ ಮೂರು ದಿನ.”

“ಸಂಜೆ ಒಳಗೆ ಆಗಲ್ವಾ?”

“ಇನ್ನೂ ಮೂರು ದಿನ ಆಗಲ್ಲ. ಹೋಗಯ್ಯ, ಬೇಗ.”

“ಮೂರು ದಿನದಿಂದ ಸತ್ತೈತೆ, ಇನ್ನೂ ಮೂರು ದಿನ ಆಗಲ್ಲ. ಸಿಕ್ತು,” ಎಂದು ತಿರುಗಿ ನಡೆದ.

ನಾನೂ ಹಿಂದೆಯೇ ಹೋದೆ. ಸಾಲಿನಲ್ಲಿದ್ದ ಹೆಂಗಸರನ್ನು ಕಾಯಲು ಹೇಳಿ, ಎಂಜಿನ್ ನಿಲ್ಲಿಸಿ, ಕೀಲಿಯ ಮುಂದೆ ಕೂತ. ಬೆಂಗಳೂರಿನ ಮುದುಕರು ಸಿಕ್ಕಿದ್ದು ಇಪ್ಪತ್ತು ನಿಮಿಷದ ಮೇಲೆ. ಹುಡುಗಿಯ ಹೆಸರು, ನಂಬರು, ಒಪ್ಪಿಗೆಯ ಮಾತು, ವಿಳಾಸ ಎಲ್ಲವನ್ನೂ ಎರಡೆರಡು ಸಲ ಕುಟ್ಟಿದ. ಮುದುಕರು ಎಲ್ಲವನ್ನೂ ತಿರುಗಿ ಒಪ್ಪಿಸಿದರು. ಕಾಗದದ ಮೇಲೆ ಬರೆದುಕೊಂಡು ಸೈಕಲ್ ಹತ್ತಿದ ಅವರು, ಆ ಆಫೀಸಿನ ಗುಮಾಸ್ತನೊಡನೆ ಜಗಳ ಆಡಿ, ನಾಲ್ಕೂವರೆಗೆ ಸೀಲು ಹಾಕಿಸಿಕೊಂಡೇ ಬಿಟ್ಟರು. ಸಂಜೆ ಮನೆಗೆ ಮರಳಿ ಅದನ್ನು ಕುಟ್ಟಿ ತಿಳಿಸಿದರು. ಪಾರ್ವತಿಗೆ ಸೀಟು ಸಿಕ್ಕಿತು. ಈರಪ್ಪ ಗಿರಣಿಯ ಬಾಗಿಲಲ್ಲಿ ಕಂಬಳಿ ಹಾಸಿ ಅಡ್ಡ ಬಿದ್ದ. “ಏಳ್ರಿ ಈರಪ್ಪಣ್ಣ, ಹಿಟ್ ಮೆತ್ಕಂತೈತೆ,” ಎಂದು ಇವನು ಅವನನ್ನು ಎಬ್ಬಿಸಿದ.

ನಮ್ಮ ಸೀಮೆಯಿಂದ ಲೈನಿಲ್ಲದೆ ಒಂದು ಕಾಗದ ಗಾಳಿಯಲ್ಲಿ ಹೋಗಿ ಮುಟ್ಟಬೇಕಾದಲ್ಲಿ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ನನಗೂ ಕಣ್ಣು ತುಂಬಿತ್ತು. ಆಗ ಅವನು ಪೆನ್ನು ತೆಗೆದು ಲಾಗ್ ಪುಸ್ತಕದಲ್ಲಿ ಬರೆಯತೊಡಗಿದ. ಹೆಗಲ ಮೇಲಿಂದ ಓದಿದೆ. ‘ಮೂರನೆಯವರ ಸಂದೇಶ ಕಳಿಸಿದೆ. ಕಾರಣ, ಸರ್ಕಾರದ ಲೈನು ಮೂರು ದಿನದಿಂದ ಕೆಟ್ಟಿದೆ ಎಂದು ಟೆಲಿಗ್ರಾಂ ಗುಮಾಸ್ತರು ಹೇಳಿದರು.’

“ಲೇ, ಇದನ್ನ ಯಾಕೆ ಬರೀತೀಯ? ಹೊಡೆದುಹಾಕು! ಇವತ್ತು ಯಂತ್ರ ಮುಟ್ಟಲೇ ಇಲ್ಲ ಅನ್ನು. ಯಾರು ನೋಡಿದ್ದಾರೆ?”

“ಮುಟ್ಟೀನಲ್ರೀ,” ಎಂದ. ನನಗೆ ಬುದ್ಧಿ ಸರಿಯಿಲ್ಲವೇನೋ ಎನ್ನುವಂತೆ ನೋಡಿದ.

“ನನ್ನ ವಿಷಯ ಯಾಕೆ ಬರೆದೆ?”

“ನೀವೇ ಹೇಳಿದ್ರಲ್ಲ.”

ಏನು ಹೇಳಬೇಕು ಇಂಥವನಿಗೆ? ಆ ಪುಸ್ತಕದಲ್ಲಿ ಒಂದು ಸಾಲು ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಇವತ್ತಿಗೂ ನನ್ನ ಅರ್ಧ ಸಿಟ್ಟು ಅವನ ಮೇಲೇ. ಅವನು ಅಷ್ಟು ಪ್ರಾಮಾಣಿಕನಾಗದಿದ್ದರೆ ನಾನು ಇಷ್ಟು ನೀಚನಾಗುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವುದೂ ನೀಚತನವೇ.

ಮಳೆಗಾಲ ಮುಗಿಯುವ ಹೊತ್ತಿಗೆ ಯಾರೋ ಒಂದು ಮೂಗರ್ಜಿ ಬರೆದರು. ಗಿರಣಿಯವನು ಗುಪ್ತವಾಗಿ ವೈರ್‌ಲೆಸ್ಸಿನಲ್ಲಿ ಊರವರ ಸುದ್ದಿ ಹೊರಗೆ ಕಳಿಸುತ್ತಾನೆ ಎಂದು. ಬರೆದ ಕೈಗೆ ಹುಳ ಬೀಳಲಿ. ಒಂದು ಜೀಪು ಬಂತು. ಅದರಿಂದ ಇಳಿದ ಅಧಿಕಾರಿ ಕೆಟ್ಟವನೇನಲ್ಲ, ಅವಸರದವನು. ಯಂತ್ರ ನೋಡಿದ, ಲೈಸೆನ್ಸ್ ನೋಡಿದ, ಎಲ್ಲ ಸರಿಯಿತ್ತು. ಲಾಗ್ ಪುಸ್ತಕ ಕೇಳಿದ. ಇವನು ಒರೆಸಿ ಎರಡೂ ಕೈಯಲ್ಲಿ ಕೊಟ್ಟ. ಪುಟ ತಿರುವುತ್ತ ಆ ದಿನದ ಸಾಲಿಗೆ ಬಂದು ನಿಂತ ಅಧಿಕಾರಿ, “ಇದು ಗೊತ್ತಿದ್ದೂ ಮಾಡಿದಿರಾ?” ಎಂದ.

“ಗೊತ್ತಿದ್ದೇ ಮಾಡಿದೆ ಸ್ವಾಮಿ. ಲೈನ್ ಇರ್ಲಿಲ್ಲ.”

ನನ್ನನ್ನು ರಿಜಿಸ್ಟರಿನ ಸಮೇತ ಗಿರಣಿಗೆ ಕರೆಸಿದರು. ಪೋಸ್ಟ್‌ಮಾಸ್ಟರು ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ, “ರಿಜಿಸ್ಟರಿನಲ್ಲಿ ಇರೋದಷ್ಟೇ ಹೇಳ್ರಿ. ಇಬ್ಬರೂ ಬೀದಿಗೆ ಬೀಳ್ತೀವಿ. ನಿಮಗೆ ಕೈಕೂಸಿದೆ,” ಎನ್ನುತ್ತ ಬಂದರು. ಗಿರಣಿಯಲ್ಲಿ ಈರಪ್ಪನೂ ಇದ್ದ, ಸುದ್ದಿ ಕೇಳಿ ಕುರಿ ಬಿಟ್ಟು ಬಂದಿದ್ದ.

ಅಧಿಕಾರಿ ನನಗೆ ಹೇಳಿದ್ದು ಇಂದಿಗೂ ಅಕ್ಷರಶಃ ನೆನಪಿದೆ. “ನೋಡಿ, ಸರ್ಕಾರದ ಲೈನು ನಿಜವಾಗಿ ಕೆಟ್ಟಿದ್ದರೆ ನಾನು ಇವರಿಗೊಂದು ಎಚ್ಚರಿಕೆ ಬರೆದುಕೊಟ್ಟು ಹೋಗಬಹುದು. ಕೆಟ್ಟಿರಲಿಲ್ಲ ಅಂದರೆ ಲೈಸೆನ್ಸು ರದ್ದು, ಯಂತ್ರ ಜಪ್ತಿ. ಆ ದಿನ ಲೈನು ಹೇಗಿತ್ತು?”

ನಾನು ರಿಜಿಸ್ಟರ್ ಬಿಚ್ಚಿದೆ. ನನ್ನದೇ ಅಕ್ಷರ. “ಸರಿಯಾಗಿತ್ತು ಸಾರ್,” ಎಂದೆ.

“ಇವ್ರೇ ಅಲ್ಲೇನ್ ಸ್ವಾಮಿ ಸತ್ತೈತೆ ಅಂದಿದ್ದು!” ಎಂದು ಈರಪ್ಪ ಕೂಗಿದ. “ನನ್ ಮಗಳ ಮುಂದೇನೇ ಅಂದ್ರು. ಬೇಕಾದ್ರೆ ಗುಡಿ ಮುಟ್ಟಿ ಹೇಳ್ತೀನಿ, ನಡೀರಿ ಹೋಗಾಣ.”

ಅಧಿಕಾರಿ ನನ್ನ ಕಡೆ ತಿರುಗಿದ. ನಾನು, “ಇವರು ಓದುಬರಹ ಇಲ್ಲದವರು ಸಾರ್, ಏನೋ ತಪ್ಪು ತಿಳಿದಿದ್ದಾರೆ,” ಎಂದೆ. ಮಗಳನ್ನು ಓದಿಸಿದ ಮನುಷ್ಯನನ್ನು ಅವನ ಎದುರಿಗೇ ಹಾಗೆ ಅಂದೆ. ಬಿದ್ದ ಕಂಬಗಳನ್ನು ಇಡೀ ಊರು ಕಂಡಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ, ಜೀಪು ನೋಡಿ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಲೈನಿನ ಆ ತುದಿಯ ಕಚೇರಿಯ ಪುಸ್ತಕ ತರಿಸಿ ನೋಡುವ ತೊಂದರೆಯನ್ನು ಅಧಿಕಾರಿಯೂ ತೆಗೆದುಕೊಳ್ಳಲಿಲ್ಲ. ಗಿರಣಿಯವನು ಮಾತ್ರ ನನ್ನನ್ನು ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತಾನೇ ಕೇಳಿಸಿಕೊಂಡದ್ದು ತಪ್ಪಾಯಿತೇ ಎಂದು ಯೋಚಿಸುತ್ತಿದ್ದ! ಆ ಮುಖ ನೋಡಿ ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಬೈಯೋ, ಉಗಿಯೋ, ಸುಳ್ಳ ಎನ್ನೋ! ಅವನು ಯಂತ್ರವನ್ನು ತಾನೇ ಬಿಚ್ಚಿ, ವಾಲ್ವುಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ಒಡೆಯದ ಹಾಗೆ ಜೀಪಿನಲ್ಲಿಟ್ಟು ಕೊಟ್ಟ.

ಇಲ್ಲಿಗೆ ಮುಗಿದಿದ್ದರೆ, ಹೆದರಿಕೆಯಲ್ಲಿ ಆಡಿದ ಮಾತು ಎಂದು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಗಿಯಲಿಲ್ಲ. ಹತ್ತು ದಿನದ ಮೇಲೆ ಬೆಂಗಳೂರಿನ ಮುದುಕರಿಂದ ಅವನಿಗೆ ಒಂದು ಜವಾಬಿ ಟೆಲಿಗ್ರಾಂ ಬಂತು. ಅಂದರೆ ಉತ್ತರದ ಹಣವನ್ನು ಕಳಿಸಿದವರೇ ಕಟ್ಟಿರುತ್ತಾರೆ. ಅದು ಬಂದದ್ದು ನನ್ನ ಯಂತ್ರಕ್ಕೆ, ಬರೆದುಕೊಂಡದ್ದು ನನ್ನ ಕೈ. ‘ಲೈಸೆನ್ಸ್ ರದ್ದಿನ ಅಂತಿಮ ಆದೇಶ ಇನ್ನೂ ಆಗಿಲ್ಲ. ದೊಡ್ಡ ಅಧಿಕಾರಿ ನನ್ನ ಮಾತು ಕೇಳುತ್ತಾರೆ. ಲೈನು ಕೆಟ್ಟಿತ್ತೇ ಇಲ್ಲವೇ, ಕೂಡಲೇ ತಿಳಿಸು.’

ಹೇಳಿ ಕಳಿಸಿದೆ. ಮಧ್ಯಾಹ್ನ ಬಂದ. ಪೋಸ್ಟ್‌ಮಾಸ್ಟರು ಊರಲ್ಲಿರಲಿಲ್ಲ, ಕಚೇರಿಯಲ್ಲಿ ನಾವಿಬ್ಬರೇ. ಟೆಲಿಗ್ರಾಂ ಓದಿದ, ಉತ್ತರದ ಫಾರಂ ತೆಗೆದುಕೊಂಡ, ಪೆನ್ನು ಹಿಡಿದ. ಕೆಟ್ಟಿತ್ತು ಎಂದು ಬರೆದರೆ ನನ್ನ ಕೆಲಸ ಹೋಗುತ್ತದೆ ಎಂದು ಅವನಿಗೆ ಗೊತ್ತು. ಕೆಟ್ಟಿರಲಿಲ್ಲ ಎಂದು ಬರೆಯುವುದು ಅವನ ಕೈಯಲ್ಲಿ ಆಗುವ ಕೆಲಸವಲ್ಲ. ಕೊನೆಗೆ ಫಾರಂ ಅನ್ನು ನನ್ನ ಕಡೆ ತಿರುಗಿಸಿ ಇಟ್ಟ.

“ಲೈನ್ ನಾನು ಕಣ್ಣಾರೆ ಪರೀಕ್ಷೆ ಮಾಡಿಲ್ಲ ಮೇಷ್ಟ್ರೆ. ಮಾಡಿದೋರು ನೀವು. ಹೆಂಗಿತ್ತೋ ಹಂಗೆ ನೀವೇ ಬರೀರಿ. ಕೆಳಗೆ ನಾನು ಸಹಿ ಹಾಕ್ತೀನಿ.”

ಕಚೇರಿಯಲ್ಲಿ ಜೀಪಿರಲಿಲ್ಲ, ಅಧಿಕಾರಿಯಿರಲಿಲ್ಲ, ಕಿವಿಯಲ್ಲಿ ಪಿಸುಗುಟ್ಟುವವರು ಯಾರೂ ಇರಲಿಲ್ಲ. ‘ಕೆಟ್ಟಿತ್ತು’ ಎಂಬ ಒಂದೇ ಒಂದು ಪದ. ನಾನು ಪೆನ್ನು ತೆಗೆದುಕೊಂಡು, ‘ಲೈನು ಸರಿಯಾಗಿತ್ತು’ ಎಂದು ಬರೆದೆ.

ಅವನು ಬಗ್ಗಿ ಓದಿದ. ಪೆನ್ನನ್ನು ಕೌಂಟರಿನ ಮೇಲೆ ಇಟ್ಟ.

“ಇದಕ್ಕೆ ನಾನು ಸಹಿ ಹಾಕಕಾಗಲ್ಲ. ಇದು ನಿಮ್ ಮಾತು, ನೀವೇ ಹಾಕ್ರಿ.”

ಸಹಿಯಿಲ್ಲದ ಫಾರಂ ಕಳಿಸುವಂತಿಲ್ಲ. ನಾನು ನನ್ನ ಹೆಸರು ಬರೆದು ಸಹಿ ಹಾಕಿದೆ. ಕೀಲಿಯ ಮೇಲೆ ಕೈ ಇಟ್ಟು ಬೆಂಗಳೂರಿಗೆ ಕುಟ್ಟತೊಡಗಿದೆ. ಅವನು ಹೋಗಲಿಲ್ಲ. ಕಿಟಕಿಯಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ನಾನು ಕಳಿಸಿದ ಒಂದೊಂದು ಅಕ್ಷರವನ್ನೂ ಕೊನೆಯವರೆಗೆ ಕೇಳಿಸಿಕೊಂಡ.